ಅಂದಾನೆಪ್ಪನ ಮಂದಯಂತ್ರ ಮರ್ದನ

ಬೀದಿಯ ತಿರುವಿನ ಕಂಬದಲ್ಲಿ ನೆಲೆಸಿ, ಮನಸ್ಸು ಬಂದಾಗ ಮನೆಮನೆಗೂ ಹರಿದು, ಮನಸ್ಸು ಮುರಿದಾಗ ಮಿಕ್ಸರನ್ನು ಅರ್ಧ ಚಟ್ನಿಯಲ್ಲೇ ಕೈಬಿಟ್ಟು ಹೋಗುವ ಎಲೈ ವಿದ್ಯುದ್ದೇವತೆಯೇ, ಈ ಕಥೆ ಮುಗಿಯುವ ತನಕವಾದರೂ ನಿಂತಿರು ತಾಯೇ. ನಾನಿಂದು ಹಾಡಹೊರಟಿರುವುದು ಮನುಷ್ಯರು ರಥಗಳನ್ನು ರಸ್ತೆಯಲ್ಲಿ ಓಡಿಸಿ ಸಾಲದೆ ಗಾಜಿನ ಪರದೆಯೊಳಗೂ ಓಡಿಸತೊಡಗಿದ ಯುಗದ ಕಥೆಯನ್ನು. ಆ ಯುಗದಲ್ಲಿ ಗದಗ ಪಟ್ಟಣದ ಒಂದು ಓಣಿಯಲ್ಲಿ ಉದಯಿಸಿ, ಮಂದಗತಿಯೆಂಬ ಮಹಾದೈತ್ಯನೊಡನೆ ವಾರವಿಡೀ ಸೆಣಸಿದ ವೀರನ ಕಥೆಯನ್ನು. ಕೇಳುವವರು ಮೊಬೈಲನ್ನು ಮಗುಚಿ ಇಟ್ಟು ಕೇಳಿರಿ. ನಡುವೆ ಎದ್ದು ಹೋಗುವವರಿದ್ದರೆ ಈಗಲೇ ಹೋಗಿಬಿಡಿ, ಆಮೇಲೆ ನನ್ನ ಲಯ ಕೆಡುತ್ತದೆ.

ಆ ವೀರನು ಸಹಸ್ರವಧೂವರನಾಮಾಕ್ಷರಸಂಯೋಜನಧುರಂಧರನೂ, ಮುಹೂರ್ತಸ್ಥಳವಿಳಾಸದೋಷಪರಿಹಾರಕನೂ ಆದ ಅಂದಾನೆಪ್ಪನು. ಇಷ್ಟು ಹೇಳಿದರೆ ಅವನ ಓಣಿಯವರಿಗೇ ಗುರುತು ಸಿಗಲಿಕ್ಕಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರ ಮಾಡಿಕೊಡುವ ಅಂದಾನೆಪ್ಪ ಎಂದರೆ ಸಿಕ್ಕೀತು. ನಲವತ್ತು ದಾಟಿದ ಪ್ರಾಯ, ವಿಶಾಲವಾದ ವಕ್ಷ, ಅದಕ್ಕಿಂತ ವಿಶಾಲವಾದ ಉದರ. ಕೃಷ್ಣವರ್ಣದ ಲೋಹಕಾಯದ ಆ ಕಂಪ್ಯೂಟರೇ ಅವನ ಜೀವನೋಪಾಯ, ಅದೇ ಅವನ ರಥಶಾಲೆ. ಆ ವರ್ಷ ಶ್ರಾವಣ ಕಳೆದ ಮೇಲೆ ಅವನು ಗ್ರಾಫಿಕ್ಸ್ ಕಾರ್ಡ್ ಎಂಬ ದಿವ್ಯಾಸ್ತ್ರವನ್ನು ಹುಬ್ಬಳ್ಳಿಯಿಂದ ತಂದು ಅದರೊಳಗೆ ತೊಡಿಸಿದ್ದನು. ಪರದೆಯ ಮೇಲಿನ ಚಿತ್ರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ಸಲ ಬರೆದು ತೋರಿಸುವ ಆ ಹಲಗೆ ಯಾಕೆ ಬೇಕಿತ್ತೆಂದು ಪತ್ನಿ ಸುಮಂಗಲಾ ಕೇಳಿದಾಗ, "ಲಗ್ನಪತ್ರದಾಗಿನ ಗಣಪತಿ ಇನ್ನೂ ಚೊಲೋ ಕಾಣ್ತಾನ" ಎಂದಿದ್ದನು. ಗಣಪತಿ ಮೊದಲು ಹೇಗಿದ್ದನೋ ಹಾಗೆಯೇ ಕಂಡನು. ಊಟವಾದ ಮೇಲೆ ಅಂದಾನೆಪ್ಪ ಆಡುವ ಕಾರ್ ರೇಸು ಮಾತ್ರ ಕಣ್ಣು ಕೋರೈಸುವಂತೆ ಕಂಡಿತು. ಸುಮಂಗಲಾ ನೋಡಿದಳು, ಅರ್ಥ ಮಾಡಿಕೊಂಡಳು, ರೊಟ್ಟಿ ಬಡಿಯಲು ಹೋದಳು.

ಈ ರೇಸಿನಲ್ಲಿ ಅವನಿಗೆ ಸರಿಸಾಟಿ ಒಬ್ಬಳೇ ಇದ್ದಳು. ಅವಳು ರೋಣಕ್ಕೆ ಕೊಟ್ಟ ಅವನ ತಂಗಿ ನೀಲಾ. ಆಟ ಕಲಿಸಿದವನೂ ಅವನೇ. ಕಲಿಸಿದ ದಿನ ತನ್ನ ಆಟದ ಗ್ಯಾರೇಜಿನಿಂದ ಒಂದು ಕೆಂಪು ಜೀಪನ್ನು ತೆಗೆದು ಅವಳ ಹೆಸರಿಗೆ ಮಾಡಿದವನೂ ಅವನೇ. ಪ್ರತಿ ಭಾನುವಾರ ಮಧ್ಯಾಹ್ನ ಅಣ್ಣ ಗದಗಿನಲ್ಲಿ, ತಂಗಿ ರೋಣದಲ್ಲಿ, ನಡುವೆ ಇಂಟರ್ನೆಟ್ಟಿನ ತಂತಿ. ಇಬ್ಬರ ನಗು, ಬೈಗುಳ, ಹಾರ್ನಿನ ಸದ್ದು ಎರಡೂ ಮನೆಗಳಲ್ಲಿ ತುಂಬಿರುತ್ತಿತ್ತು. ಹೀಗಿರಲು, ಆ ಗ್ರಾಫಿಕ್ಸ್ ಕಾರ್ಡು ಮನೆಗೆ ಬರುವ ಮೊದಲೇ, ಶ್ರಾವಣದ ಪಂಚಮಿ ಹಬ್ಬ ಬಂತು.

ಪಂಚಮಿಗೆ ತವರಿಗೆ ಬಂದ ನೀಲಾ ತಾನೇ ಕಟ್ಟಿದ ಶೇಂಗಾದ ಉಂಡಿಯೊಂದನ್ನು ಅಣ್ಣನ ಕೈಗಿತ್ತಳು. ವೀರನು ಕಚ್ಚಿದನು. ಉಂಡಿ ಮಣಿಯಲಿಲ್ಲ. ದವಡೆ ಬದಲಿಸಿ ಕಚ್ಚಿದನು. ಆಗಲೂ ಮಣಿಯಲಿಲ್ಲ. "ಇರಲಿ ಬಿಡ, ಫ್ಯಾನ್ ಗಾಳಿಗೆ ಪೇಪರ್ ಹಾರತಾವು, ಮ್ಯಾಲ ಇಡಾಕ ಬರ್ತೇತಿ" ಎಂದು ಅದನ್ನು ಲಗ್ನಪತ್ರಗಳ ಕಟ್ಟಿನ ಮೇಲೆ ಇಟ್ಟೂ ಬಿಟ್ಟನು. ನೆರೆದ ಹೆಂಗಸರೆಲ್ಲ ನಕ್ಕರು. ನೀಲಾ ನಗಲಿಲ್ಲ. ಉಣ್ಣದೆ, ಜೋಕಾಲಿಯನ್ನೂ ಆಡದೆ ಸಂಜೆಯ ಬಸ್ಸಿಗೇ ಹೊರಟುಹೋದಳು. ಅಂದಿನಿಂದ ಮಾತಿಲ್ಲ, ಫೋನಿಲ್ಲ, ರೇಸಿಲ್ಲ. ಹಬ್ಬದ ದಿನ ಉಣ್ಣದೆ ಎದ್ದುಹೋದದ್ದು ಅವಳ ತಪ್ಪೆಂದು ಇವನು, ಹಾಗೆ ಆಡಿಕೊಂಡದ್ದು ಇವನ ತಪ್ಪೆಂದು ಅವಳು. ಭಾನುವಾರ ಮಧ್ಯಾಹ್ನವಾದರೆ ಅಂದಾನೆಪ್ಪ ಆಟ ತೆರೆದು, ತಂಗಿಯ ಹೆಸರಿನ ಮುಂದೆ ದೀಪ ಹೊತ್ತಿದೆಯೇ ಎಂದು ನೋಡಿ, ಮತ್ತೆ ಮುಚ್ಚುತ್ತಿದ್ದನು. ಇದನ್ನು ಅವನು ಯಾರ ಮುಂದೆಯೂ ಹೇಳಲಿಲ್ಲ, ನಾನೇ ಹೇಳುತ್ತಿದ್ದೇನೆ.

ದೀಪಾವಳಿಯ ಪಾಡ್ಯಕ್ಕೆ ಅಣ್ಣನಿಗೆ ಆರತಿ ಬೆಳಗಲು ತಂಗಿ ಬರಲೇಬೇಕು. ಕರೆಯದೆ ಅವಳು ಬರುವವಳಲ್ಲ, ತಾನಾಗಿ ಕರೆಯುವ ಗಂಡು ಇವನಲ್ಲ. ಆಗ ಇಬ್ಬರನ್ನೂ ಹೆತ್ತವಳೂ, ಇಬ್ಬರ ಕಿವಿಯನ್ನೂ ಹಿಂಡಬಲ್ಲವಳೂ, ಗೃಹಸಭೆಗೆ ಏಕಮಾತ್ರ ಸಭಾಪತಿಯೂ ಆದ ಪಾರವ್ವ ತೀರ್ಪು ಕೊಟ್ಟಳು. "ಸಣ್ಣವರಿದ್ದಾಗ ಗೋಲಿ ಆಡಿ ಜಗಳ ಬಗಿಹರಸ್ಕೋತಿದ್ರಿ. ಈಗ ಆ ಕಾರ್ ಆಡ್ರಿ. ಸೋತವರು ಫೋನ್ ಹಚ್ಚಿ ತಪ್ಪಾತು ಅನ್ನಬೇಕು. ಗೆದ್ದವರು ಅದರ ಮ್ಯಾಲ ಒಂದ್ ಮಾತ್ ಆಡಬಾರದು." ರೋಣಕ್ಕೂ ಇದೇ ಮಾತು ಫೋನಿನಲ್ಲಿ ಹೋಯಿತು. ದಸರೆ ಮುಗಿದ ಮೊದಲ ಭಾನುವಾರ ಯುದ್ಧವೆಂದು ನಿಶ್ಚಯವಾಯಿತು.

ಇನ್ನು ದಸರೆಯ ಆಯುಧಪೂಜೆಯಲ್ಲಿ ನಡೆದದ್ದನ್ನು ಹೇಳಬೇಕು. ಗಮನವಿಟ್ಟು ಕೇಳಿರಿ.

ಅನ್ನ ಕೊಡುವ ಯಂತ್ರಕ್ಕೆ ಪೂಜೆಯಾಗದಿದ್ದರೆ ಹೇಗೆ? ಅಂದಾನೆಪ್ಪ ಸ್ವಹಸ್ತದಿಂದ ಎಲ್ಲ ತಂತಿಗಳನ್ನೂ ಕಳಚಿ, ಕಂಪ್ಯೂಟರಿನ ಪೆಟ್ಟಿಗೆಯನ್ನು ಒರೆಸಿ, ಮಣೆಯ ಮೇಲೆ ತಂದಿಟ್ಟನು. ಪೂರ್ವಕ್ಕೆ ಮುಖ ಮಾಡಿ ಇಡಬೇಕೆಂಬಲ್ಲಿಗೆ ಒಂದು ಪ್ರಶ್ನೆ ಹುಟ್ಟಿತು. "ಇದರ ಮಾರಿ ಯಾವ ಕಡಿ ಐತೋ?" ಎಂದಳು ಪಾರವ್ವ. ಮಗ ಮುಂಭಾಗವನ್ನು ತೋರಿಸಿದನು. ಅಲ್ಲಿ ನುಣ್ಣನೆಯ ಕಪ್ಪು ತಗಡು, ಒಂದು ಗುಂಡಿ. ಪಾರವ್ವ ಹಿಂಭಾಗವನ್ನು ನೋಡಿದಳು. ಅಲ್ಲಿ ಸಾಲಾಗಿ ರಂಧ್ರಗಳು, ದುಂಡಗಿನವು, ಚೌಕದವು, ಗಾಳಿಯಾಡುವ ಜಾಲಿ. "ಕಣ್ಣು, ಕಿವಿ, ಮೂಗು, ಬಾಯಿ ಎಲ್ಲಾ ಈ ಕಡಿ ಅದಾವು. ಇದನ್ನ ಬೆನ್ನ ಅಂತೀ ಅಲ್ಲ" ಎಂದು ಅವಳು ಬೆನ್ನನ್ನೇ ಪೂರ್ವಕ್ಕೆ ತಿರುಗಿಸಿದಳು. ಆ ಮುಖಕ್ಕೆ ವಿಭೂತಿಯ ಮೂರು ಪಟ್ಟೆ ಬಿತ್ತು. ಕುಂಕುಮ ಬಿತ್ತು. ಹೂ ಮುಡಿಸಲು ಜಾಗ ಹುಡುಕುತ್ತಾ ಹೋದ ಅವಳ ಬೆರಳಿಗೆ ಕೆಳಗಡೆ ಒಂದು ಚಪ್ಪಟೆ ರಂಧ್ರ ಸಿಕ್ಕಿತು; ಹಳದಿ ಸೇವಂತಿಗೆಯ ದಂಟು ಅದರೊಳಗೆ ಅಳತೆ ತೆಗೆದು ಮಾಡಿಸಿದಂತೆ ಕೂತಿತು.

ಪೂಜೆ ಮುಗಿದು ಮರುದಿನ ಪೆಟ್ಟಿಗೆ ಮೇಜನ್ನೇರಿತು. ಅದರ ಮುಖ ಇನ್ನು ಮನೆಯವರ ಕಡೆಗೇ ಇರತಕ್ಕದ್ದೆಂದು ಪಾರವ್ವನ ಆಜ್ಞೆ. ಅಂದಾನೆಪ್ಪ ತಂತಿ ಜೋಡಿಸಲು ಕೂತಾಗ ಪರದೆಯ ತಂತಿ ಸೇರಬೇಕಾದ ರಂಧ್ರದಲ್ಲಿ ಸೇವಂತಿಗೆ ವಿರಾಜಮಾನವಾಗಿತ್ತು. ಕೀಳಲು ಕೈ ಚಾಚಿದನು. "ಕೈ ಹಚ್ಚಬ್ಯಾಡ. ಏರಿಸಿದ ಹೂ ಅದು. ತಾನ ಬೀಳೂತನಕ ಇರಲಿ" ಎಂದಳು ತಾಯಿ. ಮಾತೃವಾಕ್ಯಪರಿಪಾಲಕನು ಕೈ ಹಿಂದೆಗೆದುಕೊಂಡನು. ಅದೇ ಆಕಾರದ ಇನ್ನೊಂದು ರಂಧ್ರ ಮೇಲುಗಡೆ ಖಾಲಿಯಿತ್ತು; ತಂತಿಯನ್ನು ಅದಕ್ಕೆ ಒತ್ತಿದನು, ಪರದೆಯಲ್ಲಿ ಬೆಳಕು ಮೂಡಿತು, ಗಣಪತಿ ಕಂಡನು, ಆ ವಿಷಯ ಅಲ್ಲಿಗೆ ಮರೆತೇಹೋಯಿತು. ಕಂಪ್ಯೂಟರ್ ಬಲ್ಲ ಕೇಳುಗರು ಈಗಲೇ ಮುಗುಳ್ನಗುತ್ತಿದ್ದೀರಿ, ನನಗೆ ಕಾಣುತ್ತಿದೆ. ಬಾಯಿ ಮುಚ್ಚಿಕೊಂಡು ಕೂತಿರಿ. ವೀರನಿಗೆ ತಿಳಿಯಲು ಇನ್ನೂ ಬೇಕಾದಷ್ಟು ಕಥೆಯಿದೆ.

ಭಾನುವಾರ ಬಂತು. ರಣಭೇರಿಯ ಬದಲು ಕುಕ್ಕರಿನ ಸೀಟಿ ಮೊಳಗಿತು. ಎರಡೂ ಊರುಗಳಲ್ಲಿ ಎರಡೂ ಪರದೆಗಳು ಬೆಳಗಿ, ಹಸಿರು ದೀಪ ಹೊತ್ತಿ, ರಥಗಳು ಹಾರಿದವು; ಹಾರಿದ್ದು ನೀಲಾಳದು. ಅಂದಾನೆಪ್ಪನ ಕಾರು ಒಂದು ಹೆಜ್ಜೆ ಇಟ್ಟು ನಿಂತಿತು, ಏನೋ ನೆನಪಾದಂತೆ ಮತ್ತೆ ಹೊರಟಿತು, ಮತ್ತೆ ನಿಂತಿತು. ಎಡಕ್ಕೆಂದು ಗುಂಡಿ ಒತ್ತಿದರೆ ತಿರುವು ಕಳೆದ ಮೇಲೆ ಎಡಕ್ಕೆ ಹೊರಳಿತು. ರಸ್ತೆ ಕಲಸಿದ ಹಿಟ್ಟಿನಂತೆ ಕಂಡಿತು. ಮುಂದೆ ಬಹುದೂರದಲ್ಲಿ ತಂಗಿಯ ವಾಹನ ಒಂದು ಕೆಂಪು ಮಸುಕು. ಅದರ ಹಿಂದೆ ಬಿಳಿಯದೇನೋ ಮೆತ್ತಿದಂತಿತ್ತು, ಧೂಳೆಂದುಕೊಂಡನು. ಅವಳು ಗುರಿ ಮುಟ್ಟಿ ಎಷ್ಟೋ ಹೊತ್ತಾದ ಮೇಲೂ ಇವನ ರಥವು ತೆವಳುತ್ತಲೇ ಇತ್ತು.

"ಮಷೀನ್ ಸರಿ ಇಲ್ಲವ್ವ. ಇದು ಲೆಕ್ಕಕ್ಕಿಲ್ಲ" ಎಂದನು ವೀರ. ಪಾರವ್ವ ರೋಣಕ್ಕೆ ಫೋನು ಹಚ್ಚಿ, ಸ್ಪೀಕರ್ ಮಾಡಿದಳು. ಆ ಕಡೆಯಿಂದ ನೀಲಾಳ ಧ್ವನಿ ಬಂತು. "ಅವಂದು ಯಾವಾಗರ ಸರಿ ಇತ್ತೇನವ್ವ? ಸಣ್ಣಾವಿದ್ದಾಗೂ ಗೋಲಿ ಸೊಟ್ಟ ಐತಿ ಅಂತಿದ್ದ. ಇರಲಿ, ಬರೂ ಭಾನುವಾರ ಮತ್ತ ಆಡ್ತೀನಿ ಅಂತ ಹೇಳು. ಅದ ಕಡೀದು. ಆಮ್ಯಾಲ ಕಂಪ್ಯೂಟರ್ ಮ್ಯಾಲ ಹಾಕಬಾರದು."

ಆ ಮಾತು ಕಿವಿಗೆ ಬಿದ್ದೊಡನೆ, ಅಂದಾನೆಪ್ಪನು ಕುರ್ಚಿಯಿಂದ ಎದ್ದು, ಜಾರುತ್ತಿದ್ದ ಲುಂಗಿಯನ್ನು ಬಿಗಿದು, ಮಂದಯಂತ್ರದ ಕಡೆಗೆ ತರ್ಜನಿಯನ್ನೆತ್ತಿ ಇಂತೆಂದನು: "ಎಲವೋ ಜಡಮತಿಯೇ, ನನ್ನ ಉಪ್ಪುಂಡು ನನ್ನನ್ನೇ ಭಗ್ನಮಾನನನ್ನಾಗಿಸಿದ ಕೃತಘ್ನನೇ, ಏಳು ಸೂರ್ಯೋದಯಗಳೊಳಗೆ ನಿನ್ನ ಅಂಗಾಂಗಗಳನ್ನು ಶೋಧಿಸಿ, ನಿನ್ನೊಳಗಡಗಿದ ಮಂದಗತಿದೈತ್ಯನನ್ನು ಜುಟ್ಟು ಹಿಡಿದು ಹೊರಗೆಳೆಯದಿದ್ದರೆ ನಾನು ಲಗ್ನಪತ್ರ ಮಾಡುವವನೇ ಅಲ್ಲ." ಸತ್ಯ ಹೇಳಬೇಕೆಂದರೆ ಅವನ ಬಾಯಿಂದ ಬಂದದ್ದು, "ತಡಿ ಮಗನ, ನಿನಗ ಮಾಡ್ತೀನಿ" ಎಂಬಷ್ಟೇ ಮಾತು. ಆದರೆ ತಾತ್ಪರ್ಯ ಮೇಲಿನದೇ.

ಸೋಮವಾರ ಬೆಳಿಗ್ಗೆ ಶುರುವಾದ ಆ ಮಹಾಸಮರವನ್ನು ಬಣ್ಣಿಸಲು ನನ್ನ ಒಂದು ಬಾಯಿ ಸಾಲದು. ಮೊದಲು ಪೆಟ್ಟಿಗೆಯ ಪಕ್ಕದ ಕವಚ ಕಳಚಿತು. ಒಳಗೆ ಧೂಳು ಹಾಸಿಗೆ ಹಾಸಿಕೊಂಡು ಮಲಗಿತ್ತು. ಅಂದಾನೆಪ್ಪ ತನ್ನ ಗಡ್ಡ ಹೆರೆಯುವ ಬ್ರಷ್ಷನ್ನೇ ಖಡ್ಗವಾಗಿ ಹಿರಿದು, ಮೂಲೆಮೂಲೆಗೂ ನುಗ್ಗಿ, ಆ ಧೂಳಿಸೈನ್ಯವನ್ನು ಧ್ವಂಸ ಮಾಡಿದನು. ಸೈನ್ಯದ ಅರ್ಧಭಾಗ ಅವನ ಮೂಗಿನಲ್ಲಿ ಆಶ್ರಯ ಪಡೆಯಿತು. ಸೀನುತ್ತಾ ಸೀನುತ್ತಾ ರೇಸು ಹಚ್ಚಿ ನೋಡಿದರೆ ಕಾರು ಮೊದಲಿನಂತೆಯೇ ಕುಂಟಿತು. ಬ್ರಷ್ಷು ಹಾಳಾಯಿತು, ಆ ವಾರ ಗಡ್ಡ ಬೆಳೆಯಿತು. ವೀರನಿಗೆ ಅದು ಒಪ್ಪಿತೆಂದೇ ಹೇಳಬೇಕು.

ಬಳಿಕ ಯಂತ್ರಕ್ಕೆ ಹೊಟ್ಟೆ ಭಾರವಾಗಿದೆಯೆಂಬ ಸಂಶಯ ಬಂತು. ಎಷ್ಟೋ ವರ್ಷಗಳಿಂದ ಕೂಡಿಬಿದ್ದ ಗಣಪತಿಗಳು, ಕಳಶಗಳು, ಬಾಳೆಕಂಬಗಳು, ಕೈಜೋಡಿಸಿ ನಿಂತ ವಧೂವರರು, ಇವರನ್ನೆಲ್ಲ ಅವನು ನಿರ್ದಯನಾಗಿ ಅಳಿಸುತ್ತಾ ಹೋದನು. ಸುಮಂಗಲಾ ಬಂದು ನೋಡುವ ಹೊತ್ತಿಗೆ ಬೆಟಗೇರಿಯ ಒಂದು ಮನೆತನದ, ಇನ್ನೂ ಅಚ್ಚಾಗದ, ಮುಂದಿನ ತಿಂಗಳ ಲಗ್ನವೂ ಆ ಪ್ರಳಯದಲ್ಲಿ ಕೊಚ್ಚಿಹೋಗಿತ್ತು. "ಅವರ ಕೈಬರಹದ ಚೀಟಿ ನನ್ನ ಹಂತ್ಯಾಕ ಐತಿ, ಮತ್ತ ಟೈಪ್ ಮಾಡ್ರಿ" ಎಂದಳು ಆ ಸಾಧ್ವಿ. ಹೊಟ್ಟೆ ಹಗುರಾದ ಯಂತ್ರವೂ ಕುಂಟಿತು.

ವೈರಸ್ಸೆಂಬ ಅಗೋಚರ ಶತ್ರುವಿಗಾಗಿ ಒಂದು ಇಡೀ ದಿನ ಶೋಧ ನಡೆಯಿತು, ಸಿಕ್ಕಲಿಲ್ಲ. ಇಂಟರ್ನೆಟ್ಟಿನವನಿಗೆ ಫೋನು ಹೋಯಿತು. ಅವನು ಆಫ್ ಮಾಡಿ ಆನ್ ಮಾಡಿರೆಂದನು. ಆಫ್ ಆಯಿತು, ಆನ್ ಆಯಿತು. ಕೊನೆಗೆ ವೀರನು ಆಟದೊಳಗಿನ ವೈಭವವನ್ನೇ ತ್ಯಾಗ ಮಾಡತೊಡಗಿದನು. ಮೋಡಗಳನ್ನು ತೆಗೆದನು. ಮರಗಳ ಎಲೆಗಳನ್ನು ತೆಗೆದನು, ಮರಗಳು ಬರೀ ಕಂಬಗಳಾದವು. ದಾರಿಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ ಜನರನ್ನು ತೆಗೆದನು. ಕೆರೆಯ ನೀರನ್ನು ನೀಲಿ ತಗಡು ಮಾಡಿದನು. ಇಷ್ಟಾದರೂ ಕಾರು ಏದುಸಿರು ಬಿಡುತ್ತಿತ್ತು.

ಶುಕ್ರವಾರ ರೊಟ್ಟಿ ಬಡಿಯುತ್ತಿದ್ದ ಸುಮಂಗಲಾ ಒಳಗಿನಿಂದಲೇ ಕೇಳಿದಳು, "ನವಮಿಕಿಂತ ಮುಂಚೆ ಚೊಲೋ ಇತ್ತಲ್ರೀ. ಅವತ್ತ ಏನರ ಹೆಚ್ಚು ಕಡಿಮಿ ಮಾಡಿದ್ರೇನು?"

"ಏ, ಪೂಜಿ ಮಾಡಿದ್ರ ಯಾವುದರ ಕೆಡತೇತೇನ?" ಎಂದನು ಅಂದಾನೆಪ್ಪ.

ಪಾರವ್ವನೂ ಅದನ್ನೇ ಅಂದಳು. ಅಲ್ಲಿಗೆ ಮನೆಯೊಳಗೆ ಸಿಕ್ಕ ಒಂದೇ ಸರಿಯಾದ ಸುಳಿವು ಬಹುಮತದಿಂದ ಬಿದ್ದುಹೋಯಿತು.

ಭಾನುವಾರ ಊಟದ ಹೊತ್ತಿಗೆ ವೀರನ ಕೈಯಲ್ಲಿ ಒಂದೇ ಅಸ್ತ್ರ ಉಳಿದಿತ್ತು. ಯಂತ್ರಕ್ಕೆ ಸೆಕೆಯಾಗಿರಬೇಕು. ಅವನು ಅಡುಗೆಮನೆಯಿಂದ ಟೇಬಲ್ ಫ್ಯಾನನ್ನು ಹೊತ್ತು ತಂದು, ಪೆಟ್ಟಿಗೆಯ ವಿಭೂತಿಭೂಷಿತ ಮುಖಕ್ಕೆ ಎದುರಾಗಿ ನಿಲ್ಲಿಸಿ, ಗುಂಡಿ ಒತ್ತಿದನು. ಒಮ್ಮೆಗೇ ಏನೆಲ್ಲ ಎದ್ದಿತು! ವಿಭೂತಿ ಎದ್ದಿತು, ಕುಂಕುಮ ಎದ್ದಿತು. ಲಗ್ನಪತ್ರಗಳ ಒಂದು ಕಟ್ಟು ಮಾತ್ರ ಏಳಲಿಲ್ಲ, ಅದರ ಮೇಲೆ ಪಂಚಮಿಯ ಉಂಡಿ ಕೂತಿತ್ತು. ಆ ಗಾಳಿಗೆ, ಒಣಗಿ ಗರಿಗರಿಯಾಗಿದ್ದ ಸೇವಂತಿಗೆ ಎರಡು ಸಲ ತೂಗಿ, ರಂಧ್ರದಿಂದ ಜಾರಿ ಕೆಳಗೆ ಬಿತ್ತು.

"ಹೂ ಕೊಟ್ಟಿತು" ಎಂದಳು ಪಾರವ್ವ, ಎರಡೂ ಕೈ ಮುಗಿದು. "ಬಲಕ್ಕ ಕೊಟ್ಟಿತು ನೋಡು. ಚೊಲೋ ಆಗತೇತಿ."

ಅಂದಾನೆಪ್ಪ ಹೂವನ್ನು ತಾಯಿಗೆ ಎತ್ತಿಕೊಡಲು ಬಾಗಿದನು. ಬಾಗಿದವನ ಕಣ್ಣು ಹೂವಿದ್ದ ಜಾಗಕ್ಕೆ ಹೋಯಿತು. ಚಪ್ಪಟೆ ರಂಧ್ರ. ಅದು ಇದ್ದದ್ದು ಹುಬ್ಬಳ್ಳಿಯಿಂದ ತಂದ ಆ ದಿವ್ಯಾಸ್ತ್ರದ ತುದಿಯಲ್ಲಿ. ಪರದೆಯ ತಂತಿ ಮಾತ್ರ ಮೇಲೆಲ್ಲೋ ಯಂತ್ರದ ಹಳೆಯ ರಂಧ್ರದಲ್ಲಿ ನೇತಾಡುತ್ತಿತ್ತು. ಗ್ರಾಫಿಕ್ಸ್ ಕಾರ್ಡು ದಸರೆಯಿಂದ ಇಲ್ಲಿಯವರೆಗೆ ಬಾಯಲ್ಲಿ ಹೂ ಕಚ್ಚಿಕೊಂಡು ಸುಖವಾಗಿ ಮಲಗಿತ್ತು. ಬಡ ಯಂತ್ರ ಅದರ ಕೆಲಸವನ್ನೂ ತಾನೇ ಎಳೆಯುತ್ತಿತ್ತು. ಅಂದಾನೆಪ್ಪ ಸ್ವಲ್ಪ ಹೊತ್ತು ಬಾಗಿಯೇ ಇದ್ದನು. ಧೂಳು, ಬ್ರಷ್ಷು, ಗಣಪತಿಗಳು, ಬೆಟಗೇರಿಯ ಲಗ್ನ, ಎಲ್ಲವೂ ಅವನ ಕಣ್ಮುಂದೆ ಹಾದುಹೋದವು. ನಾಚಿಕೆಯಾಯಿತು. ಬಳಿಕ ಮೇಲಿನ ತಂತಿಯನ್ನು ಕಿತ್ತು ಕೆಳಗೆ ಒತ್ತಿದನು. ಅಷ್ಟೇ ಯುದ್ಧ.

ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಬೆಳಗಿತು. ಅವನು ತೆಗೆದದ್ದನ್ನೆಲ್ಲ ಒಂದೊಂದಾಗಿ ಮರಳಿಸಿದನು. ಮೋಡ ಬಂತು, ಎಲೆ ಬಂತು, ಜನ ಬಂದು ಚಪ್ಪಾಳೆ ತಟ್ಟಿದರು, ಕೆರೆಯಲ್ಲಿ ಅಲೆಯೆದ್ದಿತು. ಕಾರು ಎಣ್ಣೆಯ ಮೇಲೆ ಜಾರಿದಂತೆ ಓಡಿತು. ಬಾಗಿಲಲ್ಲಿ ನಿಂತಿದ್ದ ಸುಮಂಗಲಾ, "ಏನಾಗಿತ್ತ್ರೀ?" ಎಂದಳು.

"ಭಾಳ ದೊಡ್ಡ ಪ್ರಾಬ್ಲಮ್ ಇತ್ತು. ಹೇಳಿದ್ರ ನಿನಗ ತಿಳಿಯಂಗಿಲ್ಲ" ಎಂದನು ಮಂದಗತಿಮರ್ದನ.

ಮತ್ತೆ ಕುಕ್ಕರ್ ಕೂಗಿತು. ಮತ್ತೆ ಹಸಿರು ದೀಪ ಹೊತ್ತಿತು. ಈ ಸಲ ಎರಡು ರಥಗಳೂ ಹಾರಿದವು. ಆಹಾ, ಅಂದಾನೆಪ್ಪನ ಆ ಓಟವನ್ನು ಏನೆಂದು ಹೇಳಲಿ! ಘಾಟಿಯ ತಿರುವುಗಳನ್ನು ಹಳೆಯ ಚಪ್ಪಲಿಯಂತೆ ಸವೆಸಿದನು, ಸುರಂಗದಲ್ಲಿ ಗರ್ಜಿಸಿದನು, ಸೇತುವೆಯ ಮೇಲೆ ನೆಲ ಮುಟ್ಟಲಿಲ್ಲ. ಮೊದಲು ಮುಂದಿದ್ದ ತಂಗಿಯ ಗಾಡಿ ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ಕೆರೆಯ ಏರಿಯ ಮೇಲೆ ಅವನ ಕಾರಿನ ಮೂಗು ಅವಳ ಗಾಡಿಯ ಬೆನ್ನಿಗೆ ತಗಲುವಷ್ಟಾಯಿತು. ಮುಂದಿನ ತಿರುವಿನಲ್ಲಿ ಒಳಗಿನಿಂದ ನುಗ್ಗಿದರೆ ಗೆಲುವು ಅವನದು. ಗೆದ್ದರೆ ಫೋನು ಅವಳದು, ತಪ್ಪು ಅವಳದು. ಪಾರವ್ವ ಕೈಯಲ್ಲಿ ಹೂ ಹಿಡಿದು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಆಗ ಅವನಿಗೆ ಆ ಗಾಡಿ ಸರಿಯಾಗಿ ಕಂಡಿತು. ಅದು ಕೆಂಪು ಜೀಪು. ಆಟದಲ್ಲಿ ನೀಲಾ ಅದಕ್ಕಿಂತ ಎಷ್ಟೋ ಬಿರುಸಿನ ಕಾರುಗಳನ್ನು ಗೆದ್ದುಕೊಂಡಿದ್ದಳು, ಅವನಿಗೆ ಗೊತ್ತಿತ್ತು. ಆದರೂ ಜಗಳದ ಈ ಓಟಕ್ಕೆ ಅವನು ಕೊಟ್ಟ ಅದೇ ಹಳೆಯ ಜೀಪಿನಲ್ಲಿ ಬಂದಿದ್ದಳು. ಅದರ ಹಿಂದೆ ಮೆತ್ತಿದ್ದ ಬಿಳಿ ಧೂಳು ಧೂಳಾಗಿರಲಿಲ್ಲ, ಅಕ್ಷರಗಳು. ನಮ್ಮ ಕಡೆ ಟ್ರ್ಯಾಕ್ಟರಿನ ಹಿಂದೆ, ಟಂಟಂ ಆಟೋದ ಹಿಂದೆ ಬರೆಸುತ್ತಾರಲ್ಲ, ಹಾಗೆ ದುಂಡಗೆ, ಸುತ್ತ ಎರಡು ಹೂ ಬಿಡಿಸಿ ಬರೆದಿತ್ತು.

ಅಣ್ಣನ ಕೊಡುಗೆ.

ಅಂದಾನೆಪ್ಪ ಓದಿದನು. ಇನ್ನೊಮ್ಮೆ ಓದಿದನು. ಅಕ್ಷರಗಳು ಅಷ್ಟು ಚೆನ್ನಾಗಿ ಕಾಣುತ್ತಿದ್ದವು. ಬೆರಳು ಗುಂಡಿಯ ಮೇಲೆ ಸುಮ್ಮನಾಯಿತು. ತಿರುವು ಬಂತು, ಜೀಪು ತಿರುಗಿತು, ಅವನ ಕಾರು ತಿರುಗಲಿಲ್ಲ. ಏರಿಯ ಕಟ್ಟೆಯನ್ನು ದಾಟಿ, ಚಪ್ಪಾಳೆ ತಟ್ಟುವವರ ತಲೆಯ ಮೇಲೆ ಹಾರಿ, ಕೆರೆಯ ನಟ್ಟನಡುವೆ ಧುಮುಕಿತು. ಹನಿಹನಿಯೂ ಬೇರೆಬೇರೆಯಾಗಿ ಕಂಡಿತು, ಗುಳ್ಳೆಗಳೂ ಕಂಡವು. ಇಷ್ಟು ಸುಂದರವಾಗಿ ಆ ಕಂಪ್ಯೂಟರು ಹಿಂದೆಂದೂ ಏನನ್ನೂ ತೋರಿಸಿರಲಿಲ್ಲ.

ನೀಲಾ ಗುರಿ ಮುಟ್ಟಿದಳು.

"ಫೋನ್ ಹಚ್ಚು" ಎಂದಳು ಪಾರವ್ವ.

ಅಂದಾನೆಪ್ಪ ಹಚ್ಚಿದನು. ಆ ಕಡೆ ಎತ್ತಿದ ಸದ್ದಾಯಿತು. ಜೀಪಿನ ಹಿಂದಿನ ಬರಹದ ಮಾತನ್ನು ಎತ್ತಬೇಕೆಂದು ಅವನಿಗೆ ಬಹಳ ಅನ್ನಿಸಿತು, ನಾಲಿಗೆ ಹೊರಳಲಿಲ್ಲ. "ತಪ್ಪಾತು ನೀಲಾ. ಪಂಚಮ್ಯಾಗ ನಾ ಹಂಗ ಅನಬಾರದಿತ್ತು. ಹಬ್ಬಕ್ಕ ಬಾ" ಎಂದನು.

ಆ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು ಬಂತು. "ಉಂಡಿ ಗಟ್ಟಿನ ಆಗಿದ್ವೋ ಅಣ್ಣಾ. ಬೆಲ್ಲದ ಪಾಕ ಏರಿತ್ತು. ನಮ್ಮ ಮನ್ಯಾಗ ಒಬ್ಬರೂ ತಿನ್ನಲಿಲ್ಲ. ಈ ಸಲ ಮೆತ್ತಗ ಕಟ್ಟಿಕೊಂಡು ಬರ್ತೀನಿ."

"ಬಾ" ಎಂದನು ಅಂದಾನೆಪ್ಪ.

"ಅದಿರಲಿ. ಅಷ್ಟು ಹತ್ರ ಬಂದಾವ, ದಾಟಿ ಹೋಗೂದು ಬಿಟ್ಟು ಕೆರಿಯಾಗ ಯಾಕ ಬಿದ್ದಿ?"

ವೀರನು ಪರದೆಯನ್ನು ನೋಡಿದನು. ಕೆರೆಯಲ್ಲಿ ಅಲೆಗಳು ಒಂದರ ಹಿಂದೊಂದು ನುಣ್ಣಗೆ ಏಳುತ್ತಿದ್ದವು. ತಾಯಿಯನ್ನು ನೋಡಿದನು, ಬಾಗಿಲಲ್ಲಿದ್ದ ಹೆಂಡತಿಯನ್ನು ನೋಡಿದನು. ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡನು.

"ಏನ್ ಮಾಡ್ಲವಾ," ಎಂದನು, "ಈ ಕಂಪ್ಯೂಟರ್ ಭಾಳ ಸ್ಲೋ ಐತಿ."